ಹಳೆಯ ಕಾರಿನ ಪೊಳ್ಳುಗಳಿಗೆ ತುಕ್ಕು ಹಿಡಿಯದಂತೆ ಮೇಣ ಹೊಡೆಯುವ ಕ್ರಮ

ಮುಂಗಾರು ಹತ್ತಿರವಾದಂತೆ ಹಳೆಯ ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡ ಓದುಗರಿಂದ ಪ್ರತಿ ವರ್ಷವೂ ಒಂದೇ ಪ್ರಶ್ನೆ ಬರುತ್ತದೆ. ಬಣ್ಣವೆಲ್ಲ ಚೆನ್ನಾಗಿದೆ, ಆದರೆ ಬಾಗಿಲಿನ ಕೆಳಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದಿವೆ. ಉಜ್ಜಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿದರೆ ಸಾಲದೇ? ಸಾಲದು. ಆ ಗುಳ್ಳೆ ಹೊರಗೆ ಹುಟ್ಟಿದ್ದಲ್ಲ. ತಗಡಿನ ಒಳಮೈಯಿಂದ ತಿನ್ನುತ್ತ ಬಂದ ತುಕ್ಕು ಹೊರಗಿನ ಬಣ್ಣವನ್ನು ತಲುಪಿದಾಗ ಮಾತ್ರ ನಮಗೆ ಕಾಣುತ್ತದೆ, ಅಷ್ಟು ಹೊತ್ತಿಗೆ ಅಲ್ಲಿ ತಗಡು ಹಪ್ಪಳದಂತಾಗಿರುತ್ತದೆ. ಹಾಗಾಗುವ ಮೊದಲೇ ಒಳಮೈಗೆ ಮೇಣದ ಪದರ ಕೊಡುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಕರಾವಳಿ ಮತ್ತು ಮಲೆನಾಡಿನ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ಬಯಲುಸೀಮೆಯವರಿಗೆ ಕೆಲಸ ಇದೇ, ಅವಸರ ಮಾತ್ರ ಸ್ವಲ್ಪ ಕಡಿಮೆ.

ಪೊಳ್ಳು ಎಂದರೆ ಯಾವುದು, ಅಲ್ಲೇ ಏಕೆ ತುಕ್ಕು

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿಗೂ, 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಿಂದ ಹೊರಬರುತ್ತಿದ್ದ ಅಂಬಾಸಡರಿಗೂ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ ಇಲ್ಲ. ಸುಮಾರು 1 ಮಿಲಿಮೀಟರ್ ದಪ್ಪದ ತಗಡುಗಳನ್ನು ಮಡಚಿ, ಎರಡು ಮೂರು ಪದರಗಳನ್ನು ಸ್ಪಾಟ್ ವೆಲ್ಡಿಂಗ್‌ನಿಂದ, ಅಂದರೆ ಬೆಸುಗೆಯನ್ನು ಗೆರೆಯಾಗಿ ಎಳೆಯದೆ ಚುಕ್ಕಿ ಚುಕ್ಕಿಯಾಗಿ ಇಟ್ಟು, ಒಂದಕ್ಕೊಂದು ಕೂಡಿಸಿ ಮಾಡಿದ ಪೆಟ್ಟಿಗೆಗಳೇ ಈ ಕಾರುಗಳ ಎಲುಬು. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಸಿಲ್, ಬಾಗಿಲುಗಳ ನಡುವಿನ ಕಂಬ, ಫ್ಲೋರ್‌ನ ಅಡಿಯ ಅಡ್ಡತೊಲೆಗಳು, ಡಿಕ್ಕಿಯ ಎರಡು ಮಗ್ಗುಲುಗಳು, ಮುಂದಿನ ಗಾಜಿನ ಕೆಳಗಿನ ಭಾಗ, ಬಾನೆಟ್ ಮತ್ತು ಬಾಗಿಲುಗಳ ಒಳಮಡಿಕೆಗಳು ಎಲ್ಲವೂ ಪೊಳ್ಳು. ಇವು ಹಾಳಾದರೆ ಕೆಡುವುದು ಅಂದ ಮಾತ್ರವಲ್ಲ, ಕಾರಿನ ಬಲವೇ ಕುಂದುತ್ತದೆ.

ಇಂದಿನ ಕಾರುಗಳ ಬಾಡಿಯನ್ನು ಇಡಿಯಾಗಿ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆಮೂಲೆಗೂ ಪ್ರೈಮರ್ ಅಂಟುವಂತೆ ಮಾಡುತ್ತಾರೆ. ನಮ್ಮ ಹಳೆಯ ಕಾರುಗಳ ಪೊಳ್ಳುಗಳಲ್ಲಿ ಅಂಥ ರಕ್ಷಣೆಯನ್ನು ನಿರೀಕ್ಷಿಸುವಂತಿಲ್ಲ. ಬಹಳಷ್ಟು ಕಡೆ ಒಳಗೆ ಬರಿಯ ತಗಡೇ ಇರುತ್ತದೆ. ಅಲ್ಲಿಗೆ ನೀರು ಬರುವುದು ಎರಡು ದಾರಿಯಲ್ಲಿ. ಒಂದು, ಸವೆದ ಬೀಡಿಂಗ್ ರಬ್ಬರು, ಗಾಜಿನ ಸಂದು, ತೂತಾದ ಮಡ್‌ಗಾರ್ಡ್‌ಗಳ ಮೂಲಕ ನೇರವಾಗಿ ಒಳಹೊಗುವ ಮಳೆನೀರು. ಇನ್ನೊಂದು ಯಾರಿಗೂ ಕಾಣದ್ದು: ಹಗಲಿನ ತೇವದ ಗಾಳಿ ಪೊಳ್ಳಿನೊಳಗೆ ಸೇರಿ, ರಾತ್ರಿ ತಗಡು ತಣ್ಣಗಾದಾಗ ಒಳಮೈಯಲ್ಲಿ ಇಬ್ಬನಿಯಾಗಿ ಕೂರುತ್ತದೆ. ಮಳೆಗೆ ಒಮ್ಮೆಯೂ ನೆನೆಯದ ಕಾರಿನ ಸಿಲ್ ಕೂಡ ಒಳಗಿಂದ ತುಕ್ಕು ಹಿಡಿಯುವುದು ಹೀಗೆ. ಕಡಲ ಗಾಳಿಯಲ್ಲಿ ಬರುವ ಉಪ್ಪು ಇದಕ್ಕೆ ಸೇರಿದರೆ ಕೇಳುವುದೇ ಬೇಡ. ಉಪ್ಪು ತಾನೇ ತೇವವನ್ನು ಎಳೆದುಕೊಳ್ಳುತ್ತದೆ, ತುಕ್ಕಿನ ವೇಗವನ್ನೂ ಹೆಚ್ಚಿಸುತ್ತದೆ.

ಮಣ್ಣಿನ ಪಾತ್ರವೂ ದೊಡ್ಡದು. ಚಕ್ರ ಎರಚಿದ ಕೆಂಪುಮಣ್ಣು ಪೊಳ್ಳಿನ ತಳದಲ್ಲಿ ಕೂತರೆ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಅದರ ಅಡಿಗೆ ಗಾಳಿ ಕಡಿಮೆ ಸಿಗುತ್ತದೆ. ಒಂದೇ ತಗಡಿನ ಒಂದು ಕಡೆ ಗಾಳಿ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದಾಗ ಗಾಳಿ ಕಡಿಮೆಯಿರುವ ಜಾಗವೇ ಬೇಗ ಸವೆಯುತ್ತದೆ. ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆಯೇ ಅಲ್ಲಿ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ನನ್ನ ಪದ್ಮಿನಿಯ ಎಡಗಡೆಯ ಸಿಲ್‌ನಿಂದ ಮೊದಲ ಸಲ ಮಣ್ಣು ತೆಗೆದಾಗ ಒಂದು ಸೇರಿನಷ್ಟು ಬಂತು. ಆ ಮಣ್ಣು ಕೂತಿದ್ದ ಉದ್ದಕ್ಕೆ ಸರಿಯಾಗಿ ತಗಡು ಸವೆದಿತ್ತು, ಅದರಾಚೆ ಗಟ್ಟಿಯಾಗಿತ್ತು.

ಯಾವಾಗ ಮಾಡಬೇಕು

ಕರಾವಳಿಯವರು ಜನವರಿಯಿಂದ ಮಾರ್ಚ್ ನಡುವೆ ಮಾಡುವುದು ಉತ್ತಮ. ಅಕ್ಟೋಬರಿನಲ್ಲಿ ಮಳೆ ನಿಂತಿತೆಂದು ಕೈಹಾಕಿದರೆ ಪೊಳ್ಳುಗಳು ಇನ್ನೂ ಒಣಗಿರುವುದಿಲ್ಲ. ಮೇ ಕೊನೆಯಲ್ಲಿ ಗಡಿಬಿಡಿಯಿಂದ ಮಾಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಆದರೆ ಹೆಚ್ಚಿನವರು ಮಾಡಿಸುವುದು ಆಗಲೇ. ಒದ್ದೆ ತಗಡಿನ ಮೇಲೆ ಮೇಣ ಕೂತರೆ ನೀರನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ.

ಕೆಲಸಗಳ ಅನುಕ್ರಮವೂ ಗಮನದಲ್ಲಿರಲಿ. ಟಿಂಕರಿಂಗ್ ಮತ್ತು ವೆಲ್ಡಿಂಗ್ ಮೊದಲು, ಆಮೇಲೆ ಸಂದುಗಳಿಗೆ ಸೀಲರ್, ಆಮೇಲೆ ಬಣ್ಣ, ಮೇಣ ಕಟ್ಟಕಡೆಗೆ. ಮೇಣ ಹೊಡೆದ ಕಾರನ್ನು ಬಣ್ಣಕ್ಕೆ ಕೊಟ್ಟರೆ ಸಂದುಗಳಿಂದ ಒಸರುವ ಮೇಣದಿಂದಾಗಿ ಹೊಸ ಬಣ್ಣ ಅಲ್ಲಲ್ಲಿ ಹಿಡಿಯದೆ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಮೇಣದ ಮೇಲೆ ವೆಲ್ಡಿಂಗ್ ಮಾಡಿದರೆ ಬೆಂಕಿ ಹತ್ತುತ್ತದೆ.

ಬೇಕಾಗುವ ಸಾಮಾನು

ಮೊದಲನೆಯದು ಕ್ಯಾವಿಟಿ ವ್ಯಾಕ್ಸ್. ಹೆಸರಿಗೆ ಮೇಣವಾದರೂ ಇದು ಮೇಣ, ತುಕ್ಕು ನಿರೋಧಕ ರಾಸಾಯನಿಕ ಮತ್ತು ಟರ್ಪೆಂಟೈನಿನಂಥ ದ್ರಾವಕ ಸೇರಿದ ದ್ರವ. ಸಂದುಗಳೊಳಗೆ ತೆವಳಿ ಹೋದ ಮೇಲೆ ದ್ರಾವಕ ಆರಿಹೋಗಿ, ಮೆತ್ತಗಿನ ಪೊರೆ ಉಳಿಯುತ್ತದೆ. ಈ ಮೆತ್ತಗಿನ ಗುಣವೇ ಮುಖ್ಯ. ಕಾರು ಓಡುವಾಗ ತಗಡು ಬಳುಕುತ್ತದೆ. ಗಟ್ಟಿಯಾದ ಲೇಪ ಬಿರುಕು ಬಿಡುತ್ತದೆ, ಮೇಣ ಬಿಡುವುದಿಲ್ಲ. ತೆಳ್ಳಗೆ ತೆವಳುವ ಬಗೆ ಮತ್ತು ದಪ್ಪಗೆ ಕೂರುವ ಬಗೆ ಎಂದು ಎರಡು ವಿಧ ಸಿಗುತ್ತದೆ, ಎರಡೂ ಬೇಕು. ಇಡೀ ಕಾರಿಗೆ ಒಟ್ಟು 4ರಿಂದ 5 ಲೀಟರ್ ಎಂದಿಟ್ಟುಕೊಳ್ಳಿ. ಕೊಳ್ಳುವಾಗ ಡಬ್ಬಿಯ ಮೇಲೆ ಎಷ್ಟು ಉಷ್ಣತೆಯವರೆಗೆ ಕರಗಿ ಇಳಿಯುವುದಿಲ್ಲ ಎಂದು ಬರೆದಿದೆಯೇ ನೋಡಿ. ತಣ್ಣನೆಯ ದೇಶಗಳಲ್ಲಿ ಮೇಣದ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಳುವಾಗಿಸಿ ಹೊಡೆಯಬೇಕಾಗುತ್ತದೆ. ನಮ್ಮ ತಾಪತ್ರಯ ಅದಕ್ಕೆ ತದ್ವಿರುದ್ಧ, ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ತಗಡಿನ ಮೇಲೆ ಕೈ ಇಡಲಾಗುವುದಿಲ್ಲ. ಆ ಬಿಸಿಗೆ ಇಳಿದುಹೋಗುವ ಮೇಣ ನಮಗೆ ಪ್ರಯೋಜನವಿಲ್ಲ.

ಎರಡನೆಯದು ಹೊಡೆಯುವ ಗನ್. ಇದಕ್ಕೆ ಸುಮಾರು ಒಂದು ಮೀಟರ್ ಉದ್ದದ ಬಳುಕುವ ನೈಲಾನ್ ನಳಿಗೆ, ಅದರ ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಝಲ್ ಇರಬೇಕು. ಬಣ್ಣ ಹೊಡೆಯುವ ಸಾಮಾನ್ಯ ಗನ್‌ನಿಂದ ಈ ಕೆಲಸವಾಗದು. ಜೊತೆಗೆ ಟೈರ್ ಅಂಗಡಿಯಲ್ಲಿರುವಂಥ ಒಂದು ಕಂಪ್ರೆಸರ್ ಬೇಕು; ಬಾಡಿಗೆಗೆ ಸಿಗುತ್ತದೆ. ನಳಿಗೆಯೊಂದಿಗೆ ಬರುವ ಸ್ಪ್ರೇ ಡಬ್ಬಿಗಳೂ ಇವೆ. ಒಂದೆರಡು ಬಾಗಿಲಿಗಾದರೆ ಅವು ಸಾಕು, ಇಡೀ ಕಾರಿಗೆ ದುಬಾರಿ.

ಮೂರನೆಯದು ಮೊಬೈಲಿಗೆ ಜೋಡಿಸುವ ಎಂಡೋಸ್ಕೋಪ್, ಅಂದರೆ ತಂತಿಯ ತುದಿಯಲ್ಲಿ ದೀಪ ಸಹಿತ ಕೂರಿಸಿದ ಪುಟ್ಟ ಕ್ಯಾಮೆರಾ. ಇದಿಲ್ಲದೆ ಕೆಲಸ ಮಾಡುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಸುಣ್ಣ ಬಳಿದ ಹಾಗೆ. ಉಳಿದಂತೆ ವ್ಯಾಕ್ಯೂಮ್ ಕ್ಲೀನರ್, ರಬ್ಬರ್ ಗ್ರೊಮೆಟ್‌ಗಳು (ತೂತು ಮುಚ್ಚುವ ಬಿರಡೆಗಳು), ಮಾಸ್ಕಿಂಗ್ ಟೇಪ್, ಹಳೆಯ ಪತ್ರಿಕೆ, ಕೈಗವಸು, ಕನ್ನಡಕ, ದ್ರಾವಕದ ಆವಿಯನ್ನು ತಡೆಯುವ ಫಿಲ್ಟರ್ ಇರುವ ಮುಖವಾಡ, ಮತ್ತು ಒಂದು ಹಿಡಿಸೂಡಿ. ಹಿಡಿಸೂಡಿ ಏತಕ್ಕೆಂದು ಮುಂದೆ ಹೇಳುತ್ತೇನೆ.

ಹಂತ 1: ಪೊಳ್ಳುಗಳ ನಕ್ಷೆ ಮಾಡಿಕೊಳ್ಳಿ

ಬಿಳಿ ಹಾಳೆಯ ಮೇಲೆ ಕಾರನ್ನು ಬದಿಯಿಂದ ಮತ್ತು ಅಡಿಯಿಂದ ಕಂಡಂತೆ ಬರೆದುಕೊಂಡು ಪ್ರತಿ ಪೊಳ್ಳಿಗೂ ಒಂದು ಸಂಖ್ಯೆ ಕೊಡಿ. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟುತ್ತ ಹೋದರೆ ಪೊಳ್ಳು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಸದ್ದೇ ಹೇಳುತ್ತದೆ. ಸಿಲ್‌ನಂಥ ಕಡೆ ಮಧ್ಯದಲ್ಲಿ ಇನ್ನೊಂದು ತಗಡಿನ ಗೋಡೆ ಇದೆಯೇ ಎಂಬುದನ್ನು ಕ್ಯಾಮೆರಾ ಇಳಿಸಿ ನೋಡಿ. ಗೋಡೆಯಿದ್ದರೆ ಅದು ಎರಡು ಪೊಳ್ಳು, ಎರಡಕ್ಕೂ ಪ್ರತ್ಯೇಕವಾಗಿ ಮೇಣ ಹೋಗಬೇಕು. ಅರ್ಧ ಕೆಲಸವನ್ನೇ ಪೂರ್ತಿ ಎಂದುಕೊಂಡು ಬಿಡುವುದು ಹೆಚ್ಚಾಗಿ ಇಲ್ಲಿಯೇ.

ಟಾರ್ಶನ್ ಬಾರ್ (ಸ್ಪ್ರಿಂಗಿನಂತೆ ತಿರುಚಿಕೊಂಡು ಭಾರ ತಾಳುವ ಉಕ್ಕಿನ ಸರಳು) ಇರುವ ಅಂಬಾಸಡರಿನವರು ಫ್ಲೋರ್‌ನ ಅಡಿಯಲ್ಲಿ ಆ ಬಾರ್‌ಗಳ ಹಿಂತುದಿಯನ್ನು ಹಿಡಿದಿರುವ ಅಡ್ಡತೊಲೆಯನ್ನು ವಿಶೇಷವಾಗಿ ಗುರುತು ಮಾಡಿಕೊಳ್ಳಬೇಕು. ಮುಂದಿನ ಸಸ್ಪೆನ್ಶನ್ನಿನ ಭಾರವೇ ಅದರ ಮೇಲಿದೆ. ಜ್ಯಾಕ್ ಕೊಡುವ ಜಾಗಗಳ ಒಳಭಾಗವೂ ಇದೇ ಪಟ್ಟಿಗೆ ಸೇರಿದ್ದು.

ಹಂತ 2: ನೀರು ಹೊರಹೋಗುವ ತೂತುಗಳನ್ನು ಹುಡುಕಿ

ಪ್ರತಿ ಬಾಗಿಲಿನ ತಳದಲ್ಲಿ, ಸಿಲ್‌ನ ಅಡಿಯಲ್ಲಿ, ಡಿಕ್ಕಿಯ ಮೂಲೆಗಳಲ್ಲಿ ಕಾರ್ಖಾನೆಯವರೇ ಬಿಟ್ಟ ಸಣ್ಣ ಸೀಳು ಅಥವಾ ತೂತುಗಳಿರುತ್ತವೆ. ಹಳೆಯ ಕಾರುಗಳಲ್ಲಿ ಇವುಗಳಲ್ಲಿ ಅರ್ಧಕ್ಕರ್ಧ ಮುಚ್ಚಿಹೋಗಿರುತ್ತವೆ: ಮಣ್ಣಿನಿಂದ, ಪುಟ್ಟಿಯಿಂದ, ಹಿಂದೆ ಯಾರೋ ಹೊಡೆಸಿದ ಕಪ್ಪು ಅಂಡರ್‌ಕೋಟಿಂಗ್‌ನಿಂದ. ನಮ್ಮ ಕಡೆ ಕುಂಬಾರ ಹುಳವೂ ಈ ತೂತುಗಳನ್ನು ಬಿಡುವುದಿಲ್ಲ. ಎರಡು ತಿಂಗಳು ಶೆಡ್ಡಿನಲ್ಲಿ ನಿಂತ ಕಾರಿನ ಬಾಗಿಲಿನ ತಳದಲ್ಲಿ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿರುತ್ತದೆ. ಹಿಡಿಸೂಡಿಯ ಕಡ್ಡಿ ಬೇಕಾಗುವುದು ಇಲ್ಲಿ. ತಂತಿಯಿಂದ ಕೆದಕಿದರೆ ತೂತಿನ ಅಂಚಿನ ಬಣ್ಣ ಕಿತ್ತು ಹೊಸ ತುಕ್ಕಿಗೆ ದಾರಿಯಾಗುತ್ತದೆ. ತೆಂಗಿನ ಕಡ್ಡಿ ಬಳುಕುತ್ತದೆ, ಗೀರುವುದಿಲ್ಲ. ಪ್ರತಿ ತೂತನ್ನೂ ನಕ್ಷೆಯಲ್ಲಿ ಗುರುತಿಸಿಡಿ, ಕೊನೆಯಲ್ಲಿ ಮತ್ತೆ ಎಣಿಸಬೇಕಾಗುತ್ತದೆ.

ಹಂತ 3: ನೀರು ಒಳಬರುವ ದಾರಿ ಮುಚ್ಚಿ

ಬೀಡಿಂಗ್ ರಬ್ಬರುಗಳನ್ನು ಬದಲಿಸದೆ ಮೇಣ ಹೊಡೆಸುವುದು ಸೋರುವ ಸೂರಿನ ಕೆಳಗೆ ನೆಲ ಒರೆಸಿದಂತೆ. ಒಬ್ಬರು ಕಾರಿನೊಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲನೆ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಿ, ಮೇಲಿನಿಂದ ಆರಂಭಿಸಿದರೆ ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಮುಂದಿನ ಗಾಜಿನ ಕೆಳಮೂಲೆಗಳನ್ನು ಮೊದಲು ಸಂಶಯಿಸಿ.

ಬಾಗಿಲಿನ ಗಾಜಿನ ಸಂದಿನಿಂದ ಸ್ವಲ್ಪ ನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದಕ್ಕೆಂದೇ ತಳದಲ್ಲಿ ತೂತುಗಳಿವೆ. ಆದರೆ ಆ ನೀರು ಒಳಗಡೆಯ ಡೋರ್ ಪ್ಯಾಡ್‌ಗೆ ತಾಗಬಾರದು. ಪ್ಯಾಡ್ ಬಿಚ್ಚಿದಾಗ ಹಿಂದೆ ಪ್ಲಾಸ್ಟಿಕ್ ಹಾಳೆ ಇಲ್ಲದಿದ್ದರೆ ದಪ್ಪನೆಯ ಪಾಲಿಥೀನ್ ಕತ್ತರಿಸಿ ಅಂಟಿಸಿ; ಅದರ ಕೆಳಅಂಚು ಬಾಗಿಲಿನ ಪೊಳ್ಳಿನ ಒಳಕ್ಕೆ ಇಳಿಬಿದ್ದಿರಲಿ, ಹೊರಗೆ ಅಲ್ಲ.

ಹಂತ 4: ಒಳಗಿನ ಸ್ಥಿತಿ ನೋಡಿ ತೀರ್ಮಾನಿಸಿ

ಕ್ಯಾಮೆರಾ ಇಳಿಸಿದಾಗ ಒಳಗೆ ಕಂದು ಬಣ್ಣದ ಹುಡಿ ಮಾತ್ರ ಕಂಡರೆ ಗಾಬರಿ ಬೇಡ, ಮೇಣದಿಂದ ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಪದರ ಪದರವಾಗಿ ಎದ್ದ ಚಕ್ಕೆಗಳು ಕಂಡರೆ ಹೊರಗಿನಿಂದ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟಣ್ ಎಂಬ ಬದಲು ಮಂಕಾದ ಸದ್ದು ಬಂದರೆ, ಒತ್ತಿದಾಗ ತಗಡು ತಗ್ಗಿದರೆ, ಅಲ್ಲಿ ಮೇಣದ ಕೆಲಸವಿಲ್ಲ, ಟಿಂಕರಿನ ಕೆಲಸವಿದೆ. ಸಿಲ್‌ಗೆ ಪುಟ್ಟಿ ಅಥವಾ ಫೈಬರ್ ತುಂಬಿಸಿ ಮುಗಿಸೋಣ ಎನ್ನುವ ಗ್ಯಾರೇಜಿನಿಂದ ಕಾರನ್ನು ವಾಪಸು ತನ್ನಿ. ತಗಡಿನ ಜಾಗಕ್ಕೆ ತಗಡೇ ಬರಬೇಕು.

ಇಲ್ಲಿ ಕಾನೂನಿನ ಮಾತೊಂದಿದೆ. 2021ರಲ್ಲಿ ಕೇಂದ್ರ ಸರಕಾರ ತಂದ ವಿಂಟೇಜ್ ನೋಂದಣಿ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮುಂದೊಂದು ದಿನ ಆ ನೋಂದಣಿ ಬೇಕೆನ್ನುವವರು ಬಾಡಿಯನ್ನು ಈಗಲೇ ಉಳಿಸಿಕೊಳ್ಳುವುದು ಜಾಣತನ.

ತುಕ್ಕನ್ನು ಕಪ್ಪಾಗಿಸುವ ರಸ್ಟ್ ಕನ್ವರ್ಟರ್ ಪೊಳ್ಳಿನೊಳಗೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ. ಕೈಗೆಟುಕುವ, ಉಜ್ಜಿ ಒರೆಸಬಹುದಾದ ಜಾಗಕ್ಕೆ ಅದು ಒಳ್ಳೆಯದು. ಪೊಳ್ಳಿನ ಮಡಿಕೆಯಲ್ಲಿ ನಿಂತ ಆಮ್ಲವನ್ನು ಯಾರೂ ಒರೆಸಲಾರರು. ನಾನು ಹಾಕುವುದಿಲ್ಲ.

ಹಂತ 5: ಶುಚಿ ಮಾಡಿ

ಡೋರ್ ಪ್ಯಾಡ್, ಸೀಟು, ಮ್ಯಾಟ್, ಅದರ ಕೆಳಗಿನ ಫೆಲ್ಟ್ ಎಲ್ಲವನ್ನೂ ತೆಗೆಯಿರಿ. ಫೆಲ್ಟ್ ಎಂಬುದು ಸ್ಪಂಜಿನಂತೆ ನೀರು ಹಿಡಿದಿಡುವ ವಸ್ತು, ಅದನ್ನು ಎಸೆದು ಹೊಸದು ಹಾಕುವುದೇ ಲೇಸು. ಪೊಳ್ಳಿನ ಒಂದು ತೂತಿನಿಂದ ಕಂಪ್ರೆಸರಿನ ಗಾಳಿ ಊದಿ, ಇನ್ನೊಂದು ತೂತಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಧೂಳು, ಒಣ ಎಲೆ, ತುಕ್ಕಿನ ಚಕ್ಕೆ, ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಹೊರಬರುವವರೆಗೆ ಇದನ್ನು ಮುಂದುವರಿಸಿ.

ಬರಿಯ ಧೂಳಿದ್ದರೆ ನೀರು ಹಾಕಲೇಬೇಡಿ. ಮಣ್ಣು ಗಟ್ಟಿ ಕೂತಿದ್ದರೆ ಅಥವಾ ಕಾರು ಕಡಲ ಹತ್ತಿರದ್ದಾಗಿದ್ದರೆ ಮಾತ್ರ ತೆಳು ಪೈಪಿನಿಂದ ಹೆಚ್ಚು ಒತ್ತಡವಿಲ್ಲದೆ ನೀರು ಬಿಟ್ಟು, ಕೆಳಗಿನ ತೂತಿನಿಂದ ತಿಳಿನೀರು ಬರುವವರೆಗೆ ತೊಳೆಯಿರಿ. ನೀರು ಸಿಹಿನೀರಾಗಿರಲಿ. ಸಮುದ್ರದ ಬದಿಯ ಎಷ್ಟೋ ಬಾವಿಗಳಲ್ಲಿ ಬೇಸಗೆಯಲ್ಲಿ ಉಪ್ಪು ಏರುತ್ತದೆ; ಅಂಥ ನೀರಿನಲ್ಲಿ ತೊಳೆದರೆ ತೆಗೆಯಬೇಕಾದ್ದನ್ನೇ ಒಳಗೆ ಹಾಕಿದಂತಾಯಿತು.

ಹಂತ 6: ಒಣಗಿಸಿ, ಮತ್ತೆ ಒಣಗಿಸಿ

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ, ಎಲ್ಲರೂ ಅವಸರ ಮಾಡುವುದೂ ಈ ಹಂತದಲ್ಲೇ. ದುಬಾರಿ ಮೇಣ ತಂದು ಒದ್ದೆ ಸಿಲ್‌ಗೆ ಹೊಡೆಯುವುದಕ್ಕಿಂತ, ಒಣಗಿಸಿ ಮೇಣ ಹೊಡೆಯದೇ ಬಿಟ್ಟರೂ ಕಾರು ಹೆಚ್ಚು ದಿನ ಬಾಳುತ್ತದೆ ಎಂದು ನಾನು ಹೇಳುವುದಿದೆ.

ಎಲ್ಲ ಬಿರಡೆಗಳನ್ನೂ ತೆಗೆದು, ಬಾಗಿಲು, ಬಾನೆಟ್, ಡಿಕ್ಕಿ ತೆರೆದಿಟ್ಟು ಕಾರನ್ನು ಬಿಸಿಲಿಗೆ ನಿಲ್ಲಿಸಿ. ಬೆಳಗ್ಗೆ ಒಂದು ಬದಿ, ಮಧ್ಯಾಹ್ನದ ಮೇಲೆ ಇನ್ನೊಂದು ಬದಿ ಬಿಸಿಲಿಗೆ ಬರುವಂತೆ ತಿರುಗಿಸಿ. ಸಾಧ್ಯವಾದರೆ ಮುಂದಿನ ಚಕ್ರಗಳ ಕೆಳಗೆ ಹಲಗೆ ಕೊಟ್ಟು ಕಾರು ಸ್ವಲ್ಪ ಹಿಂದಕ್ಕೆ ವಾಲುವಂತೆ ಮಾಡಿ, ಮರುದಿನ ಹಿಂದಿನ ಚಕ್ರಗಳಿಗೆ ಕೊಡಿ. ಚಕ್ರ ಉರುಳದಂತೆ ಅಡ್ಡಗಲ್ಲು ಇಡುವುದನ್ನು ಮರೆಯಬೇಡಿ. ಸಿಲ್‌ನ ಒಂದು ತುದಿಯಲ್ಲಿ ಟೇಬಲ್ ಫ್ಯಾನ್ ಇಟ್ಟು ಗಾಳಿ ಹಾಯಿಸಿದರೆ ಇನ್ನೂ ಒಳ್ಳೆಯದು. ಸಂಜೆ ಆರಕ್ಕೆ ಮೊದಲು ಶೆಡ್ಡಿಗೆ ತನ್ನಿ, ಇಬ್ಬನಿ ಬೀಳುವವರೆಗೆ ಹೊರಗೆ ಬಿಟ್ಟರೆ ಹಗಲು ಒಣಗಿದ್ದು ರಾತ್ರಿ ನೆನೆಯುತ್ತದೆ. ನೀರು ಹಾಕಿ ತೊಳೆದಿದ್ದರೆ ಕನಿಷ್ಠ ಒಂದು ವಾರ ಹೀಗೆ ಮಾಡಬೇಕು.

ಒಣಗಿತೆಂದು ತಿಳಿಯುವ ಬಗೆ ಸುಲಭವಾಗಿದೆ. ಬೆಳಗ್ಗೆ ಪೊಳ್ಳಿನ ಎಲ್ಲ ತೂತುಗಳನ್ನೂ ಟೇಪಿನಿಂದ ಮುಚ್ಚಿ, ಒಂದಕ್ಕೆ ಮಾತ್ರ ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಅಂಟಿಸಿ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ. ಆ ಪ್ಲಾಸ್ಟಿಕ್ ಇರುವ ಬದಿ ನೆರಳಿಗಿರಲಿ. ಮಧ್ಯಾಹ್ನ ನೋಡಿದಾಗ ಪ್ಲಾಸ್ಟಿಕ್ಕಿನ ಒಳಮೈ ಮಂಜಾಗಿದ್ದರೆ ಒಳಗೆ ಇನ್ನೂ ನೀರಿದೆ. ಎರಡು ದಿನ ಕಳೆದು ಮತ್ತೆ ನೋಡಿ. ಮಂಜು ಮೂಡದ ದಿನ ಮೇಣದ ಡಬ್ಬಿ ತೆರೆಯಿರಿ.

ಹಂತ 7: ನಳಿಗೆ ಹೋಗುವ ದಾರಿ ಸಿದ್ಧಮಾಡಿ

ಹೆಚ್ಚಿನ ಪೊಳ್ಳುಗಳಿಗೆ ಈಗಾಗಲೇ ದಾರಿಗಳಿವೆ: ಬಿರಡೆಯ ತೂತು, ಟ್ರಿಮ್ ಕ್ಲಿಪ್‌ನ ತೂತು, ದೀಪ ಬಿಚ್ಚಿದರೆ ಸಿಗುವ ಸಂದು. ಮೊದಲು ಇವನ್ನೇ ಬಳಸಿ. ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಡ್ರಿಲ್ ಹಿಡಿಯಿರಿ. ತೂತಿನ ಅಳತೆ ನಿಮ್ಮಲ್ಲಿರುವ ಗ್ರೊಮೆಟ್‌ಗೆ ಸರಿಹೊಂದಬೇಕು, ಮೊದಲು ಗ್ರೊಮೆಟ್ ಕೊಂಡು ಆಮೇಲೆ ಡ್ರಿಲ್ ಬಿಟ್ ಆರಿಸಿ. ಬಾಗಿಲು ಮುಚ್ಚಿದಾಗ ಕಾಣದ ಒಳಬದಿಯಲ್ಲಿ, ಚಪ್ಪಟೆ ಭಾಗದ ನಡುವೆ ತೂತಿರಲಿ. ಮಡಿಕೆಯ ಮೇಲೆ, ಬೆಸುಗೆಯ ಚುಕ್ಕಿಗಳ ಮೇಲೆ, ಸಸ್ಪೆನ್ಶನ್ ಅಥವಾ ಸೀಟ್ ಬೆಲ್ಟ್ ಹಿಡಿದಿರುವ ಜಾಗದ ಹತ್ತಿರ ಎಂದಿಗೂ ಕೊರೆಯಬೇಡಿ. ಕೊರೆಯುವ ಮೊದಲು ಆಚೆ ಬದಿಯಲ್ಲಿ ವೈರು, ಬ್ರೇಕಿನ ಕೊಳವೆ, ಪೆಟ್ರೋಲಿನ ಕೊಳವೆ ಇಲ್ಲವೆಂದು ಕ್ಯಾಮೆರಾದಲ್ಲಿ ಖಚಿತ ಮಾಡಿಕೊಳ್ಳಿ. ಕೊರೆದ ಅಂಚಿಗೆ ಕೂಡಲೇ ಪ್ರೈಮರ್ ಹಚ್ಚಿ. ಡ್ರಿಲ್ಲಿನಿಂದ ಬಿದ್ದ ಲೋಹದ ಚೂರುಗಳನ್ನು ದಾರಕ್ಕೆ ಕಟ್ಟಿದ ಅಯಸ್ಕಾಂತ ಇಳಿಸಿ ಎತ್ತಿಬಿಡಿ, ಬಿಟ್ಟರೆ ಅವೇ ಮೊದಲು ತುಕ್ಕಾಗುತ್ತವೆ.

ಹಂತ 8: ಕೈ ಪಳಗಿಸಿಕೊಂಡು ಮೇಣ ಹೊಡೆಯಿರಿ

ಮೊದಲು ಕಾರಿನ ಮೇಲಲ್ಲ, ಕೊಳವೆಯ ಮೇಲೆ ಅಭ್ಯಾಸ ಮಾಡಿ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತುವ ರಟ್ಟಿನ ಕೊಳವೆಯೊಂದನ್ನು ತಂದು, ನಳಿಗೆಯನ್ನು ಅದರ ಕೊನೆಯವರೆಗೆ ತೂರಿಸಿ, ಗನ್ ಒತ್ತಿಹಿಡಿದು ಒಂದೇ ವೇಗದಲ್ಲಿ ಹಿಂದಕ್ಕೆ ಎಳೆಯಿರಿ. ಆಮೇಲೆ ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಿ. ಸುತ್ತಲೂ ಸಮನಾಗಿ ಮೇಣ ಕೂತಿದ್ದರೆ ನಿಮ್ಮ ಕೈಯ ವೇಗ ಸರಿಯಿದೆ. ಪಟ್ಟೆಪಟ್ಟೆಯಾಗಿದ್ದರೆ ಬೇಗ ಎಳೆದಿದ್ದೀರಿ, ತಳದಲ್ಲಿ ಮಡುಗಟ್ಟಿದ್ದರೆ ನಿಧಾನವಾಗಿದೆ. ಒಂದು ಅಡಿಗೆ ಮೂರು ನಾಲ್ಕು ಸೆಕೆಂಡು ಎಂಬ ಲೆಕ್ಕದಿಂದ ಆರಂಭಿಸಿ, ನಿಮ್ಮ ಗನ್ ಮತ್ತು ಮೇಣಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ನಳಿಗೆಯ ತುದಿಯಿಂದ ಒಂದು ಗೇಣು ದೂರದಲ್ಲಿ ಕೆಂಪು ಟೇಪು ಸುತ್ತಿಡಿ. ಎಳೆಯುವಾಗ ಟೇಪು ಹೊರಗೆ ಕಂಡೊಡನೆ ಕೈ ಸಡಿಲಿಸಿದರೆ ಮುಖಕ್ಕೆ ಮೇಣ ಎರಚುವುದಿಲ್ಲ.

ಹೊಡೆಯುವ ಮುನ್ನ ಈ ಎಚ್ಚರಿಕೆಗಳನ್ನು ಪಾಲಿಸಿ. ಬ್ಯಾಟರಿಯ ತಂತಿ ಬಿಚ್ಚಿ. ದ್ರಾವಕದ ಆವಿ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಬಯಲಿನಲ್ಲಿ ಅಥವಾ ಎರಡೂ ಬದಿ ತೆರೆದ ಶೆಡ್ಡಿನಲ್ಲಿ ಮಾತ್ರ ಕೆಲಸ ಮಾಡಿ. ಕಂಪ್ರೆಸರ್ ದೂರದಲ್ಲಿರಲಿ, ಬೀಡಿ ಸಿಗರೇಟು ಸೇದುವವರು ಹತ್ತಿರ ಬರಬಾರದು. ಬ್ರೇಕ್ ಡ್ರಮ್, ಸೈಲೆನ್ಸರ್ ಪೈಪು, ಗಾಜು ಇಳಿಯುವ ಕಾಲುವೆ ಇವುಗಳನ್ನು ಪತ್ರಿಕೆ ಮತ್ತು ಟೇಪಿನಿಂದ ಮುಚ್ಚಿ. ಬ್ರೇಕಿಗೆ ಮೇಣ ತಾಗಿದರೆ ಕಾರು ನಿಲ್ಲುವುದಿಲ್ಲ, ಸೈಲೆನ್ಸರಿಗೆ ತಾಗಿದರೆ ಹೊಗೆ ಏಳುತ್ತದೆ.

ಮೊದಲ ಸುತ್ತು ತೆಳು ಮೇಣದ್ದು. ಇದರ ಕೆಲಸ ಬೆಸುಗೆಯ ಸಂದುಗಳೊಳಗೆ, ಉಳಿದ ತುಕ್ಕಿನ ಹುಡಿಯೊಳಗೆ ಇಂಗುವುದು. ಸಿಲ್‌ನ ಪ್ರತಿ ಭಾಗಕ್ಕೂ ಎರಡು ಬಾರಿ ನಳಿಗೆ ಹಾಯಿಸಿ, ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ. ಸಿಲ್‌ನ ಕೆಳಅಂಚಿನ ಸಂದಿನಿಂದ ಹೊರಕ್ಕೆ ಮೇಣದ ಹನಿಗಳು ಸಾಲಾಗಿ ಒಸರಿದರೆ ಅದು ನೀವು ಕಾಯುತ್ತಿದ್ದ ಗುರುತು: ಒಳಗಿನಿಂದ ಹೊರಗಿನವರೆಗೆ ಸಂದು ತುಂಬಿದೆ. ಸಂದಿನ ಒಂದು ಉದ್ದದಲ್ಲಿ ಹನಿ ಮೂಡದಿದ್ದರೆ ಅಲ್ಲಿಗೆ ಇನ್ನೊಮ್ಮೆ ಹೊಡೆಯಿರಿ.

ಒಂದು ದಿನ ಬಿಟ್ಟು ಎರಡನೆಯ ಸುತ್ತು ದಪ್ಪ ಮೇಣದ್ದು. ಈ ಬಾರಿ ಪೊಳ್ಳಿನ ಮೇಲ್ಭಾಗವನ್ನೂ ಮರೆಯಬೇಡಿ. ಮೇಣ ಕೆಳಕ್ಕೆ ಹರಿಯುತ್ತದೆಂದು ಎಲ್ಲರೂ ತಳಕ್ಕೇ ಹೊಡೆಯುತ್ತಾರೆ, ಇಬ್ಬನಿಯಾದರೋ ಮೇಲಿನ ತಗಡಿನಲ್ಲಿಯೂ ಕೂರುತ್ತದೆ. ಬಾಗಿಲುಗಳಲ್ಲಿ ತಳದ ಮಡಿಕೆ, ಹಿಂಜ್ ಹಿಡಿದಿರುವ ಮುಂಭಾಗ ಎರಡಕ್ಕೂ ಹೋಗಲಿ. ಗಾಜನ್ನು ಪೂರ್ತಿ ಮೇಲೆತ್ತಿರಬೇಕು. ಬಾನೆಟ್ ಮತ್ತು ಡಿಕ್ಕಿ ಬಾಗಿಲಿನ ಅಂಚುಗಳಿಗೆ ಸ್ಪ್ರೇ ಡಬ್ಬಿ ಸಾಕು. ಪ್ರತಿ ಪೊಳ್ಳು ಮುಗಿದೊಡನೆ ಕ್ಯಾಮೆರಾ ಇಳಿಸಿ ನೋಡಿ, ನಕ್ಷೆಯಲ್ಲಿ ಗೀಟು ಹಾಕಿ. ಕ್ಯಾಮೆರಾದ ಮೂತಿಗೆ ಮೇಣ ಅಂಟುತ್ತದೆ, ಟರ್ಪೆಂಟೈನ್ ತೋಯಿಸಿದ ಬಟ್ಟೆ ಕೈಯಲ್ಲಿರಲಿ.

ಹಂತ 9: ತೂತುಗಳನ್ನು ಮತ್ತೆ ತೆರೆಯಿರಿ

ಮರುದಿನ ನಕ್ಷೆ ಹಿಡಿದು, ಹಂತ 2ರಲ್ಲಿ ಗುರುತಿಸಿದ ಪ್ರತಿ ತೂತಿಗೂ ಹಿಡಿಸೂಡಿ ಕಡ್ಡಿ ಹಾಕಿ ಮೇಣ ಕಟ್ಟಿಕೊಂಡಿದ್ದರೆ ಬಿಡಿಸಿ. ಇದೊಂದನ್ನು ಮರೆತರೆ ಬಾಗಿಲು ನೀರಿನ ತೊಟ್ಟಿಯಾಗುತ್ತದೆ. ನೀವು ಕೊರೆದ ತೂತುಗಳಿಗೆ ಮಾತ್ರ ಗ್ರೊಮೆಟ್ ಹಾಕಬೇಕು, ಕಾರ್ಖಾನೆಯವರು ನೀರಿಗೆಂದು ಬಿಟ್ಟ ತೂತುಗಳಿಗೆ ಅಲ್ಲ. ಉತ್ಸಾಹದಲ್ಲಿ ಎಲ್ಲವನ್ನೂ ಮುಚ್ಚಿದವರನ್ನು ಕಂಡಿದ್ದೇನೆ. ಹೊರಮೈಗೆ ಸೋರಿದ ಮೇಣವನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ ಬಿಡಿಸಿ ಹೊರಗೆ ಒಣಗಿಸಿ; ಒಣಗುವ ಎಣ್ಣೆಗಳು ಬೆರೆತಿದ್ದರೆ ಮುದ್ದೆಯಾದ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಒಂದು ವಾರ ಕಾರಿನಲ್ಲಿ ವಾಸನೆ ಇರುತ್ತದೆ, ಗಾಜು ಇಳಿಸಿಯೇ ಓಡಿಸಿ.

ಮಾಡಬಾರದ ಮೂರು ಅಗ್ಗದ ಉಪಾಯಗಳು

ಸುಟ್ಟ ಎಂಜಿನ್ ಆಯಿಲ್ ಹೊಡೆಸುವುದು ನಮ್ಮಲ್ಲಿ ಹಳೆಯ ರೂಢಿ. ಬಳಸಿದ ಎಣ್ಣೆಯಲ್ಲಿ ಆಮ್ಲದ ಅಂಶವೂ ಲೋಹದ ಕಿಟ್ಟವೂ ಸೇರಿರುತ್ತವೆ, ಅದು ರಬ್ಬರನ್ನು ಉಬ್ಬಿಸುತ್ತದೆ, ಒಂದು ಮಳೆಗಾಲದಲ್ಲಿ ತೊಟ್ಟಿಕ್ಕಿ ಅಂಗಳದ ಮಣ್ಣಿಗೂ ಬಾವಿಗೂ ಸೇರುತ್ತದೆ. ಕರಾವಳಿಯಲ್ಲಿ ಮರದ ದೋಣಿಗಳಿಗೆ ಹಚ್ಚುವ ಮೀನೆಣ್ಣೆಯನ್ನೇ ಕಾರಿಗೂ ಹೊಡೆದರೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ದಡ್ಡತನದ್ದಲ್ಲ, ಮೀನೆಣ್ಣೆ ತುಕ್ಕಿನೊಳಗೆ ಇಂಗುವ ಗುಣವುಳ್ಳದ್ದೇ, ಅದನ್ನು ಆಧರಿಸಿದ ತುಕ್ಕುನಿರೋಧಕ ಬಣ್ಣಗಳೂ ಬಂದಿವೆ. ಆದರೆ ಹಸಿ ಮೀನೆಣ್ಣೆ ಹೊಡೆದ ಕಾರಿನಲ್ಲಿ ನೀವು ಕೂರಲಾರಿರಿ, ಬೆಕ್ಕು ಇಳಿಯಲಾರದು.

ಎರಡನೆಯದು, ಒಳಗಿನ ತುಕ್ಕಿಗೆ ಉತ್ತರವೆಂದು ಕೆಳಗಿನಿಂದ ಕಪ್ಪು ಟಾರಿನಂಥ ಅಂಡರ್‌ಕೋಟಿಂಗ್ ಹೊಡೆಸುವುದು. ಅದು ಕಲ್ಲು ಬಡಿತದಿಂದ ಹೊರಮೈಯನ್ನು ಕಾಯುವ ಲೇಪ, ಪೊಳ್ಳಿನೊಳಗೆ ಹೋಗುವುದೇ ಇಲ್ಲ. ಹಳತಾಗಿ ಬಿರಿದರೆ ಬಿರುಕಿನಲ್ಲಿ ನೀರು ಹಿಡಿದಿಟ್ಟು ಹೊರಗಿನಿಂದಲೂ ತಿನ್ನಿಸುತ್ತದೆ.

ಮೂರನೆಯದು ಫೋಮ್. ಕಿಟಕಿ ಚೌಕಟ್ಟಿಗೆ ತುಂಬುವ ಫೋಮನ್ನು ಸಿಲ್‌ಗೆ ತುಂಬಿಸಿದರೆ ನೀರಿಗೆ ಜಾಗವೇ ಇರುವುದಿಲ್ಲ ಎಂಬ ವಾದ ಕೇಳಲು ಚೆನ್ನಾಗಿದೆ. ಫೋಮ್ ಮತ್ತು ತಗಡಿನ ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ, ಅಲ್ಲಿ ಸೇರಿದ ನೀರು ಒಣಗುವ ಮಾತಿಲ್ಲ. ಮುಂದೆ ವೆಲ್ಡಿಂಗ್ ಮಾಡುವವನಿಗೆ ಅದರ ವಿಷಹೊಗೆ ಬೇರೆ.

ಆಮೇಲಿನ ನಿಗಾ

ಕರಾವಳಿ ಮತ್ತು ಘಟ್ಟದ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ದಪ್ಪ ಮೇಣದ ಒಂದು ಸುತ್ತು ಬೇಕು. ಬೆಂಗಳೂರು, ಮೈಸೂರಿನವರಿಗೆ ಮೂರು ನಾಲ್ಕು ವರ್ಷ ನಡೆಯುತ್ತದೆ. ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಮತ್ತು ಮಳೆ ಮುಗಿದ ಅಕ್ಟೋಬರಿನಲ್ಲಿ, ನೀರಿನ ತೂತುಗಳಿಗೆ ಕಡ್ಡಿ ಹಾಕಿ ಸಿಲ್ ಮತ್ತು ಬಾಗಿಲುಗಳಿಗೆ ಕ್ಯಾಮೆರಾ ಇಳಿಸಿ. ಮೇಣದ ಪೊರೆ ಬೆರಳಿಗೆ ಸ್ವಲ್ಪ ಅಂಟುವಂತಿದ್ದರೆ ಜೀವಂತವಾಗಿದೆ ಎಂದರ್ಥ. ಒಣಗಿ ಹುಡಿಯಾಗಿದ್ದರೆ ಕಾಯದೆ ಮತ್ತೆ ಹೊಡೆಯಿರಿ. ಶೆಡ್ಡಿನಲ್ಲಿ ನಿಂತ ಕಾರಿಗೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಮಣ್ಣಿನ ನೆಲದ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಕೊನೆಯದಾಗಿ, ಬಾನೆಟ್ಟಿನ ಒಳಬದಿಯಲ್ಲಿ ಸಣ್ಣ ಚೀಟಿಯೊಂದನ್ನು ಅಂಟಿಸಿ: ಪೊಳ್ಳುಗಳಲ್ಲಿ ಮೇಣವಿದೆ, ವೆಲ್ಡಿಂಗ್‌ಗೆ ಮುನ್ನ ತೆಗೆಯಬೇಕು ಎಂದು, ಹೊಡೆದ ತಿಂಗಳು ಮತ್ತು ವರ್ಷ ಸಹಿತ. ನಾಳೆ ಯಾವುದೋ ಊರಿನ ಟಿಂಕರ್ ಒಬ್ಬರು ಗ್ಯಾಸ್ ದೀಪ ಹಚ್ಚುವ ಮೊದಲು ಆ ಚೀಟಿ ಅವರ ಕಣ್ಣಿಗೆ ಬೀಳಬೇಕು. ಚೀಟಿಯ ಪಕ್ಕದಲ್ಲೇ ಪೊಳ್ಳುಗಳ ನಕ್ಷೆಯ ಒಂದು ಪ್ರತಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಿಕ್ಕಿಸಿಡಿ.